ಕಾರಿನ ಎಂಜಿನ್‌ಗೆ ಮೋಟಾರ್‌ಸೈಕಲ್ ಕಾರ್ಬ್ಯುರೇಟರ್ ಅಳವಡಿಕೆ

ಕಾರಿನ ಎಂಜಿನ್‌ಗೆ ಮೋಟಾರ್‌ಸೈಕಲ್ ಕಾರ್ಬ್ಯುರೇಟರ್ ಅಳವಡಿಕೆ ಎಂದರೆ ಪೆಟ್ರೋಲ್ ಕಾರಿನ ಮೂಲ ಕಾರ್ಬ್ಯುರೇಟರನ್ನು ತೆಗೆದು, ಅದರ ಸ್ಥಾನದಲ್ಲಿ ನಾಲ್ಕು ಸಿಲಿಂಡರುಗಳ ಮೋಟಾರ್‌ಸೈಕಲ್ಲಿನ ಕಾರ್ಬ್ಯುರೇಟರುಗಳ ಸಾಲನ್ನು ಜೋಡಿಸುವ ಮಾರ್ಪಾಡು. ಬ್ರಿಟನ್ನಿನಲ್ಲಿ ಹಳೆಯ ಫೋರ್ಡ್ ಕಾರುಗಳಲ್ಲಿಯೂ ಹವ್ಯಾಸಿಗಳು ಮನೆಯಲ್ಲಿ ಕಟ್ಟುವ ಕಿಟ್ ಕಾರುಗಳಲ್ಲಿಯೂ ಇದು ಹೆಚ್ಚಾಗಿ ಕಂಡುಬರುತ್ತದೆ. ಭಾಗಗಳ ಜೋಡಣೆಗಿಂತ ಇಂಧನ ಮತ್ತು ಗಾಳಿಯ ಪ್ರಮಾಣವನ್ನು ಎಂಜಿನ್ನಿಗೆ ಹೊಂದಿಸುವುದೇ ಇದರ ಮುಖ್ಯ ಹಂತವಾಗಿದೆ.

ಹಿನ್ನೆಲೆ

ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಒಂದೇ ಕಾರ್ಬ್ಯುರೇಟರ್ ನಾಲ್ಕೂ ಸಿಲಿಂಡರುಗಳಿಗೆ ಇಂಧನ ಮಿಶ್ರಣವನ್ನು ಹಂಚುತ್ತಿತ್ತು. ಈ ಹಂಚಿಕೆ ಸಮನಾಗಿರುವುದಿಲ್ಲ. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಗಾಳಿದಾರಿ ನೀಡಲು ರೇಸಿಂಗ್ ಕಾರುಗಳಲ್ಲಿ ವೆಬರ್ ಡಿಸಿಒಇ ಮಾದರಿಯ ಜೋಡಿ ಕಾರ್ಬ್ಯುರೇಟರುಗಳು ಬಳಕೆಯಲ್ಲಿದ್ದವು. ಆದರೆ ಅವು ದುಬಾರಿ. ಗುಜರಿಗೆ ಬಂದ ಮೋಟಾರ್‌ಸೈಕಲ್ಲುಗಳ ಕಾರ್ಬ್ಯುರೇಟರುಗಳು ಕಡಿಮೆ ಬೆಲೆಗೆ ದೊರೆಯುವುದರಿಂದ ಹವ್ಯಾಸಿಗಳು ಅವುಗಳತ್ತ ತಿರುಗಿದರು.

1998ರಲ್ಲಿ ಬಂದ ಯಮಾಹಾ ಆರ್1 ಬೈಕಿನ 40 ಮಿ.ಮೀ. ಮಿಕುನಿ ಕಾರ್ಬ್ಯುರೇಟರುಗಳು ಇದಕ್ಕೊಂದು ಉದಾಹರಣೆ. 998 ಸಿಸಿಯ ಆ ಎಂಜಿನ್ ನಿಮಿಷಕ್ಕೆ 10,000 ಸುತ್ತು ತಿರುಗುವಾಗ ಹೀರುವ ಗಾಳಿಯು, 1.6 ಲೀಟರಿನ ಕಾರ್ ಎಂಜಿನ್ ಸುಮಾರು 6,200 ಸುತ್ತುಗಳಲ್ಲಿ ಹೀರುವಷ್ಟೇ ಆಗುತ್ತದೆ. ಆದ್ದರಿಂದ ಗಾತ್ರದ ದೃಷ್ಟಿಯಿಂದ ಇವು ಕಾರಿಗೆ ಸಾಲುತ್ತವೆ.

ಜೋಡಣೆ

ಎಂಜಿನ್ನಿನ ಗಾಳಿದ್ವಾರಗಳ ಅಂತರವೂ ಕಾರ್ಬ್ಯುರೇಟರುಗಳ ಅಂತರವೂ ಒಂದೇ ಆಗಿರುವುದಿಲ್ಲ. ಅದಕ್ಕಾಗಿ ಅಲ್ಯೂಮಿನಿಯಂ ಮ್ಯಾನಿಫೋಲ್ಡನ್ನು ಹೊಸದಾಗಿ ತಯಾರಿಸಿ, ರಬ್ಬರ್ ಕೊಳವೆಗಳ ಮೂಲಕ ಕಾರ್ಬ್ಯುರೇಟರುಗಳನ್ನು ಕೂರಿಸಲಾಗುತ್ತದೆ. ಬೈಕಿನಲ್ಲಿದ್ದ ಓರೆಯನ್ನು ಉಳಿಸಿಕೊಳ್ಳದಿದ್ದರೆ ಫ್ಲೋಟ್ ತೊಟ್ಟಿಯ ಇಂಧನ ಮಟ್ಟ ತಪ್ಪುತ್ತದೆ. ಹಳೆಯ ಮಿನಿ ಕಾರಿನ ಎ-ಸರಣಿ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳಿಗೆ ಎರಡೇ ಗಾಳಿದ್ವಾರಗಳಿರುವುದರಿಂದ, ಅಲ್ಲಿ ಸಿಲಿಂಡರಿಗೊಂದು ಪ್ರತ್ಯೇಕ ದಾರಿ ಸಾಧ್ಯವಿಲ್ಲ.

ಬೈಕಿನ ಕಾರ್ಬ್ಯುರೇಟರುಗಳು ಕಡಿಮೆ ಒತ್ತಡದ ಇಂಧನಕ್ಕಾಗಿ ರೂಪಿತವಾದವು. ಕಾರಿನ ಪಂಪಿನ ಒತ್ತಡ ಹೆಚ್ಚಾದರೆ ಸೂಜಿ ಕವಾಟ ಮುಚ್ಚದೆ ಪೆಟ್ರೋಲ್ ಉಕ್ಕುತ್ತದೆ. ಬಿಸಿ ಎಂಜಿನ್ನಿನ ಮೇಲೆ ಚೆಲ್ಲಿದರೆ ಬೆಂಕಿಯ ಅಪಾಯವಿದೆ. ಆದ್ದರಿಂದ ಒತ್ತಡ ನಿಯಂತ್ರಕ ಅವಶ್ಯಕ.

ಬ್ರೇಕಿನ ಸರ್ವೋ ಎಂಜಿನ್ನಿನ ಗಾಳಿದಾರಿಯಲ್ಲಿ ಉಂಟಾಗುವ ನಿರ್ವಾತದಿಂದ ಕೆಲಸ ಮಾಡುತ್ತದೆ. ಒಂದೇ ಸಿಲಿಂಡರಿನ ದಾರಿಯಿಂದ ಪಡೆದ ನಿರ್ವಾತವು ಏರಿಳಿಯುವುದರಿಂದ, ನಾಲ್ಕೂ ದಾರಿಗಳನ್ನು ಸಣ್ಣ ಕೊಳವೆಗಳಿಂದ ಕೂಡಿಸಿ, ಒಮ್ಮುಖ ಕವಾಟದ ಮೂಲಕ ಸರ್ವೋಗೆ ಸಂಪರ್ಕಿಸುವ ಕ್ರಮವಿದೆ.

ಮಿಶ್ರಣದ ಹೊಂದಾಣಿಕೆ

ಕಾರಿನ ಸಿಲಿಂಡರುಗಳು ದೊಡ್ಡವು, ಅವುಗಳ ವೇಗ ಕಡಿಮೆ. ಹೀಗಾಗಿ ಬೈಕಿನ ಮೂಲ ಜೆಟ್‌ಗಳು ಸರಿಹೊಂದುವುದು ಅಪರೂಪ. ಸಾಮಾನ್ಯವಾಗಿ ಮುಖ್ಯ ಜೆಟ್ಟನ್ನು ದೊಡ್ಡದಾಗಿಸಿ, ಸೂಜಿಯನ್ನು ತೆಳುವಾದ ವಾಷರಿನಿಂದ ಎತ್ತರಿಸಲಾಗುತ್ತದೆ. ಪೆಟ್ರೋಲಿನ ಸಂಪೂರ್ಣ ದಹನಕ್ಕೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿಗೆ ಒಂದು ಪಾಲು ಇಂಧನ ಬೇಕು. ಪೂರ್ಣ ಶಕ್ತಿಯಲ್ಲಿ ಗಾಳಿಯ ಪಾಲು 13ರ ಆಸುಪಾಸಿನಲ್ಲಿರುತ್ತದೆ. ಪೂರ್ಣ ಹೊರೆಯಲ್ಲಿ ಇಂಧನ ಕಡಿಮೆಯಾದರೆ ದಹನಕೋಶ ಅತಿಯಾಗಿ ಕಾದು ಪಿಸ್ಟನ್ ಕರಗಬಹುದು. ಕಾರು ಸರಾಗವಾಗಿ ಓಡುತ್ತಿರುವಂತೆ ತೋರಿದರೂ ಈ ಹಾನಿ ಸಂಭವಿಸಬಲ್ಲದು. ಆದುದರಿಂದ ಹೊಗೆಕೊಳವೆಯಲ್ಲಿ ಆಮ್ಲಜನಕ ಸಂವೇದಕವನ್ನಿಟ್ಟು ಅಳೆಯುವುದು ಸುರಕ್ಷಿತ ಕ್ರಮ. ನಾಲ್ಕೂ ಥ್ರಾಟಲ್‌ಗಳು ಸಮನಾಗಿ ತೆರೆಯುವಂತೆ ನಿರ್ವಾತ ಮಾಪಕಗಳಿಂದ ಸರಿಹೊಂದಿಸಬೇಕಾಗುತ್ತದೆ.

ಕಾನೂನು

ಬ್ರಿಟನ್ನಿನ ವಾರ್ಷಿಕ ಎಂಒಟಿ ಪರೀಕ್ಷೆಯಲ್ಲಿ ಹೊಗೆಯ ಮಿತಿ ವಾಹನದ ವಯಸ್ಸನ್ನು ಅವಲಂಬಿಸಿದೆ. 1975ರ ಆಗಸ್ಟ್ 1ಕ್ಕಿಂತ ಮೊದಲು ಬಳಕೆಗೆ ಬಂದ ಕಾರುಗಳಲ್ಲಿ ಕಣ್ಣಿಗೆ ಕಾಣುವ ಹೊಗೆಯನ್ನಷ್ಟೇ ಪರಿಶೀಲಿಸಲಾಗುತ್ತದೆ. ಭಾರತದಲ್ಲಿ 1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ.