ಪ್ಯಾಕೆಟ್ ಸ್ಯಾಂಡ್‌ವಿಚ್: ನೋಡಬೇಕಾದ್ದು ಕೋಡ್ ನಂಬರ್ ಅಲ್ಲ, ಸೋಡಿಯಂ ಸಾಲು

ವಿಮಾನ ನಿಲ್ದಾಣ, ಹೆದ್ದಾರಿ ಬದಿಯ ಪೆಟ್ರೋಲ್ ಬಂಕ್, ಸೂಪರ್ ಮಾರ್ಕೆಟ್, ಆಫೀಸ್ ಕ್ಯಾಂಟೀನ್. ಎಲ್ಲಿ ಫ್ರಿಜ್ ಇದೆಯೋ ಅಲ್ಲೆಲ್ಲ ಈಗ ತ್ರಿಕೋನದ ಡಬ್ಬಿಯಲ್ಲಿ ಎರಡು ತುಂಡು ಸ್ಯಾಂಡ್‌ವಿಚ್ ಸಿಗುತ್ತದೆ. ಬೆಳಿಗ್ಗೆ ಒಲೆ ಹಚ್ಚಲು ಪುರುಸೊತ್ತಿಲ್ಲದ ಎಷ್ಟೋ ಜನರಿಗೆ ಅದೇ ತಿಂಡಿ.

ಇಂಥ ಪ್ಯಾಕೆಟ್ ತಿಂಡಿಗಳ ಬಗ್ಗೆ ವಾಟ್ಸಾಪ್‌ನಲ್ಲಿ ಎರಡು ಬಗೆಯ ಮಾತು ಓಡಾಡುತ್ತವೆ. ಒಂದು, "ಪ್ಯಾಕೆಟ್ ಮೇಲೆ 471 ಅಂತ ಇದ್ದರೆ ಅದು ಹಂದಿ ಕೊಬ್ಬು, ಮುಟ್ಟಬೇಡಿ" ಎಂಬ ಹೆದರಿಕೆ. ಇನ್ನೊಂದು, "ಮೊಟ್ಟೆ, ಚೀಸ್ ಎಲ್ಲ ಇದೆ, ಪ್ರೋಟೀನ್ ಜಾಸ್ತಿ, ಆರೋಗ್ಯಕ್ಕೆ ಒಳ್ಳೆಯದು" ಎಂಬ ಭರವಸೆ. ಎರಡೂ ಪೂರ್ತಿ ನಿಜವಲ್ಲ. ನಿಜವಾಗಿ ಗಮನಿಸಬೇಕಾದ ಅಂಕಿ ಈ ಎರಡರಲ್ಲೂ ಇಲ್ಲ. ಲೇಬಲ್ ಹಿಡಿದುಕೊಂಡು ಒಂದೊಂದಾಗಿ ನೋಡೋಣ.

471 ಎಂದರೆ ಹಂದಿ ಕೊಬ್ಬೇ?

ಅಲ್ಲ. ಐಎನ್‌ಎಸ್ 471 ಎಂಬುದು ಎಣ್ಣೆ ಮತ್ತು ನೀರು ಬೇರೆಯಾಗದಂತೆ ಹಿಡಿದಿಡುವ ಎಮಲ್ಸಿಫೈಯರ್. ಬ್ರೆಡ್ ಮೆತ್ತಗಿರಲು ಇದನ್ನು ಹಾಕುತ್ತಾರೆ. ಇದನ್ನು ಸಸ್ಯದ ಎಣ್ಣೆಯಿಂದಲೂ ತಯಾರಿಸಬಹುದು, ಪ್ರಾಣಿ ಕೊಬ್ಬಿನಿಂದಲೂ ತಯಾರಿಸಬಹುದು. ಸಂಖ್ಯೆ ಹೇಳುವುದು ಅದು ಯಾವ ಪದಾರ್ಥ ಎಂಬುದನ್ನು ಮಾತ್ರ, ಎಲ್ಲಿಂದ ಬಂತು ಎಂಬುದನ್ನಲ್ಲ.

ಹಾಗಾದರೆ ಸಸ್ಯಾಹಾರಿಗಳು ಏನು ನೋಡಬೇಕು? ಹಸಿರು ಚೌಕದೊಳಗಿನ ಹಸಿರು ಚುಕ್ಕೆಯನ್ನು. ನಮ್ಮ ದೇಶದ ನಿಯಮದ ಪ್ರಕಾರ ಪ್ರಾಣಿಮೂಲದ ಎಮಲ್ಸಿಫೈಯರ್ ಬಳಸಿದ ಆಹಾರಕ್ಕೆ ಆ ಗುರುತು ಹಾಕುವಂತಿಲ್ಲ. ಮೊಟ್ಟೆ ಅಥವಾ ಕೋಳಿ ಮಾಂಸದ ಸ್ಯಾಂಡ್‌ವಿಚ್‌ಗೆ ಹೇಗೂ ಕಂದು ಗುರುತೇ ಇರುತ್ತದೆ. ಅಂಥದ್ದರಲ್ಲಿ 471ರ ಮೂಲ ತಿಳಿಯಬೇಕಾದರೆ ಲೇಬಲ್ ಮೇಲಿನ ಗ್ರಾಹಕ ಸೇವೆಯ ನಂಬರಿಗೆ ಕರೆ ಮಾಡಿ ಕೇಳಬೇಕು. ಫಾರ್ವರ್ಡ್ ಸಂದೇಶದಿಂದ ಅದು ತಿಳಿಯುವುದಿಲ್ಲ.

ಪ್ರೋಟೀನ್ ಇದೆ ಎಂದರೆ ಒಳ್ಳೆಯದು ತಾನೇ?

ಪ್ರೋಟೀನ್ ಇರುವುದು ನಿಜ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. ಬ್ರೆಡ್ ಮತ್ತು ಚೀಸ್‌ನಿಂದ ಇನ್ನಷ್ಟು ಸೇರುತ್ತದೆ. ಆದರೆ ಪ್ಯಾಕೆಟ್ ಮುಂಭಾಗದಲ್ಲಿ ದಪ್ಪ ಅಕ್ಷರದಲ್ಲಿರುವುದು ಕಂಪನಿ ಹೇಳಬಯಸುವ ಮಾತು. ನಾವು ತಿಳಿಯಬೇಕಾದ ಮಾತು ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ.

ಮೊದಲು ಪದಾರ್ಥಗಳ ಪಟ್ಟಿ ಓದಿ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು, ಕಡಿಮೆ ಇರುವುದನ್ನು ಕೊನೆಗೆ ಬರೆಯಬೇಕೆಂಬುದು ನಿಯಮ. ಬ್ರೆಡ್‌ನ ಪದಾರ್ಥಗಳಲ್ಲಿ ಮೊದಲ ಹೆಸರು ಮೈದಾ ಆಗಿದ್ದರೆ, ಮುಂದೆ 'ಮಲ್ಟಿಗ್ರೇನ್' ಎಂದು ಬರೆದಿದ್ದರೂ ಅದು ಮುಖ್ಯವಾಗಿ ಮೈದಾ ಬ್ರೆಡ್ಡೇ. ಬ್ರೆಡ್‌ನ ಕಂದು ಬಣ್ಣವನ್ನೂ ನಂಬುವಂತಿಲ್ಲ. ಕ್ಯಾರಮೆಲ್ ಬಣ್ಣದಿಂದಲೂ ಆ ಕಂದು ಬರುತ್ತದೆ. ಪಟ್ಟಿಯಲ್ಲಿ ಐಎನ್‌ಎಸ್ 150 ಇದ್ದರೆ ಅದೇ ಇದು.

ಹಾಗಾದರೆ ಯಾವ ಅಂಕಿ ಮುಖ್ಯ?

ಸೋಡಿಯಂ. ಉಪ್ಪಿನ ಮೂಲಕ ನಮ್ಮ ದೇಹ ಸೇರುವ ಅಂಶ ಇದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಸೇವಿಸಬೇಕು. ಉಪ್ಪಿನ ಲೆಕ್ಕದಲ್ಲಿ ಅದು 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ. ಇದು ಒಂದು ಹೊತ್ತಿಗಲ್ಲ, ಬೆಳಗಿನಿಂದ ರಾತ್ರಿವರೆಗಿನ ಎಲ್ಲ ಊಟ-ತಿಂಡಿಗೂ ಸೇರಿ. ಸೋಡಿಯಂ ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ. ಅದರಿಂದ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯವೂ ಹೆಚ್ಚುತ್ತದೆ.

"ಸ್ಯಾಂಡ್‌ವಿಚ್ ಉಪ್ಪುಪ್ಪಾಗಿ ಇರುವುದಿಲ್ಲವಲ್ಲ?" ಎಂದು ಕೇಳಬಹುದು. ಮೋಸ ಹೋಗುವುದು ಅಲ್ಲೇ. ಬ್ರೆಡ್ ಹಿಟ್ಟಿಗೆ ಉಪ್ಪು ಹಾಕಿರುತ್ತಾರೆ. ಸಂಸ್ಕರಿಸಿದ ಚೀಸ್‌ನಲ್ಲಿ ಉಪ್ಪಿನ ಜೊತೆಗೆ ಸೋಡಿಯಂ ಇರುವ ಇತರ ಲವಣಗಳೂ ಇರುತ್ತವೆ. ಮೇಯನೇಸ್, ಸಾಸ್, ಸಾಸೇಜ್ ಪ್ರತಿಯೊಂದರಲ್ಲೂ ಉಪ್ಪಿದೆ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಹಂಚಿಹೋಗಿರುವುದರಿಂದ, ಕೊಬ್ಬು ಮತ್ತು ಸಿಹಿಯ ರುಚಿಯೂ ಬೆರೆತಿರುವುದರಿಂದ, ನಾಲಿಗೆಗೆ ಉಪ್ಪು ಎದ್ದು ಕಾಣುವುದಿಲ್ಲ. ನಾಲಿಗೆಗೆ ತಿಳಿಯದ್ದನ್ನು ಲೇಬಲ್ ಓದಿಯೇ ತಿಳಿಯಬೇಕು.

'ಒಂದು ಸರ್ವಿಂಗ್' ಎಂಬ ಲೆಕ್ಕ

ಒಂದು ಲೇಬಲ್ ಹೀಗಿದೆ ಎಂದುಕೊಳ್ಳಿ. ಇದು ಲೆಕ್ಕ ತೋರಿಸಲು ನಾವೇ ಮಾಡಿದ ಉದಾಹರಣೆ, ಯಾವುದೇ ಬ್ರ್ಯಾಂಡ್‌ನದ್ದಲ್ಲ.

ಪ್ಯಾಕೆಟ್ ತೂಕ: 150 ಗ್ರಾಂ
ಒಂದು ಸರ್ವಿಂಗ್: 75 ಗ್ರಾಂ
100 ಗ್ರಾಂನಲ್ಲಿ ಶಕ್ತಿ: 250 ಕಿಲೋ ಕ್ಯಾಲರಿ
100 ಗ್ರಾಂನಲ್ಲಿ ಸ್ಯಾಚುರೇಟೆಡ್ ಕೊಬ್ಬು: 4.5 ಗ್ರಾಂ
100 ಗ್ರಾಂನಲ್ಲಿ ಸೋಡಿಯಂ: 480 ಮಿಲಿಗ್ರಾಂ

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಗಳಂತೆ, ಒಂದು ಸರ್ವಿಂಗ್ ತಿಂದರೆ ದಿನದ ಮಿತಿಯಲ್ಲಿ ಶೇಕಡಾ ಎಷ್ಟು ಆಯಿತು ಎಂಬುದನ್ನೂ ತಿಳಿಸಬೇಕು. ಅದಕ್ಕೆ ಆಧಾರ ದಿನಕ್ಕೆ 2,000 ಕಿಲೋ ಕ್ಯಾಲರಿ, 22 ಗ್ರಾಂ ಸ್ಯಾಚುರೇಟೆಡ್ ಕೊಬ್ಬು, 2,000 ಮಿಲಿಗ್ರಾಂ ಸೋಡಿಯಂ. ನಮ್ಮ ಉದಾಹರಣೆಯಲ್ಲಿ 75 ಗ್ರಾಂಗೆ 360 ಮಿಲಿಗ್ರಾಂ ಸೋಡಿಯಂ, ಅಂದರೆ ಶೇ. 18. ನೋಡಲು ಹೆಚ್ಚೇನೂ ಅನಿಸುವುದಿಲ್ಲ.

ಆದರೆ ಡಬ್ಬಿ ತೆರೆದ ಮೇಲೆ ಒಂದು ತುಂಡು ತಿಂದು ಇನ್ನೊಂದನ್ನು ನಾಳೆಗೆ ಇಡುವವರು ಎಷ್ಟು ಜನ? ಎರಡೂ ತಿಂದರೆ ಲೆಕ್ಕ ಹೀಗಾಗುತ್ತದೆ:

ಶಕ್ತಿ 375 ಕಿಲೋ ಕ್ಯಾಲರಿ, ದಿನದ ಲೆಕ್ಕದಲ್ಲಿ ಸುಮಾರು ಶೇ. 19
ಸ್ಯಾಚುರೇಟೆಡ್ ಕೊಬ್ಬು 6.75 ಗ್ರಾಂ, ಸುಮಾರು ಶೇ. 31
ಸೋಡಿಯಂ 720 ಮಿಲಿಗ್ರಾಂ, ಶೇ. 36

ಕ್ಯಾಲರಿಯಲ್ಲಿ ದಿನದ ಐದನೇ ಒಂದು ಭಾಗವೂ ಆಗಿಲ್ಲ, ಸೋಡಿಯಂನಲ್ಲಿ ಮೂರನೇ ಒಂದು ಭಾಗ ದಾಟಿದೆ. ಹೊಟ್ಟೆ ತುಂಬುವ ಮೊದಲೇ ಉಪ್ಪಿನ ಪಾಲು ಖರ್ಚಾಗುತ್ತಿದೆ. ಇನ್ನು ಮಧ್ಯಾಹ್ನದ ಸಾರು, ಉಪ್ಪಿನಕಾಯಿ, ಸಂಜೆಯ ಚಿಪ್ಸ್, ರಾತ್ರಿಯ ಊಟ ಎಲ್ಲ ಬಾಕಿ ಇವೆ.

ಎರಡು ಸುಲಭ ಲೆಕ್ಕಗಳು

ಮೊದಲನೆಯದು, ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಎಷ್ಟೆಂದು ಗೊತ್ತಾಗುತ್ತದೆ. 720 ಮಿಲಿಗ್ರಾಂ ಸೋಡಿಯಂ ಎಂದರೆ 1,800 ಮಿಲಿಗ್ರಾಂ, ಅಂದರೆ 1.8 ಗ್ರಾಂ ಉಪ್ಪು.

ಎರಡನೆಯದು, '100 ಗ್ರಾಂಗೆ' ಎಂಬ ಸಾಲನ್ನು ಹಿಡಿದು ಪ್ಯಾಕೆಟ್ ತೂಕಕ್ಕೆ ಲೆಕ್ಕ ಹಾಕಿ. 150 ಗ್ರಾಂ ಪ್ಯಾಕೆಟ್ ಆದರೆ ಒಂದೂವರೆ ಪಟ್ಟು, 200 ಗ್ರಾಂ ಆದರೆ ಎರಡು ಪಟ್ಟು. ಎರಡು ಬ್ರ್ಯಾಂಡ್‌ಗಳನ್ನು ಹೋಲಿಸುವಾಗಲೂ 100 ಗ್ರಾಂ ಲೆಕ್ಕವೇ ಸರಿ. ಸರ್ವಿಂಗ್ ಗಾತ್ರ ಒಬ್ಬೊಬ್ಬರದು ಒಂದೊಂದು ಥರ ಇರುತ್ತದೆ.

ಹಾಗಾದರೆ ತಿನ್ನಲೇಬಾರದೇ?

ಆರೋಗ್ಯವಂತರು ಪ್ರಯಾಣದಲ್ಲಿ ಅಪರೂಪಕ್ಕೊಮ್ಮೆ ತಿಂದರೆ ಗಾಬರಿಪಡಬೇಕಾಗಿಲ್ಲ. ಆ ದಿನ ಉಪ್ಪಿನಕಾಯಿ, ಹಪ್ಪಳ ಬಿಟ್ಟರೆ ಲೆಕ್ಕ ಸರಿಹೋಗುತ್ತದೆ. ಪ್ರಶ್ನೆ ಇರುವುದು ದಿನಾ ತಿನ್ನುವವರದ್ದು. ಅದಕ್ಕಿಂತ ಹೆಚ್ಚಾಗಿ ಬಿಪಿ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರದ್ದು. "ಅಪ್ಪನಿಗೆ ಬಿಪಿ, ಅಡುಗೆಗೆ ಉಪ್ಪು ಕಡಿಮೆ ಹಾಕುತ್ತೇವೆ" ಎನ್ನುವ ಮನೆಯಲ್ಲೇ ಬ್ರೆಡ್, ಚೀಸ್, ಸಾಸ್ ಮೂಲಕ ಉಪ್ಪು ಲೆಕ್ಕಕ್ಕೆ ಸಿಗದೆ ಒಳಗೆ ಬರುತ್ತದೆ. ಇಂಥವರ ಮಿತಿ ಎಷ್ಟೆಂದು ಅವರ ವೈದ್ಯರನ್ನೇ ಕೇಳಿ.

ಮನೆಯಲ್ಲಿ ಮಾಡಿದ್ದೆಲ್ಲ ಕಡಿಮೆ ಉಪ್ಪಿನದ್ದು ಎಂದೂ ಅಲ್ಲ. ಉಪ್ಪಿಟ್ಟಿನಲ್ಲೂ ಉಪ್ಪಿದೆ, ಸಾಂಬಾರಿನಲ್ಲೂ ಇದೆ. ವ್ಯತ್ಯಾಸ ಒಂದೇ: ಅಲ್ಲಿ ಎಷ್ಟು ಹಾಕಬೇಕೆಂಬುದು ನಿಮ್ಮ ಕೈಯಲ್ಲಿದೆ. ಬೇಯಿಸಿದ ಮೊಟ್ಟೆ, ಸೌತೆಕಾಯಿ, ಟೊಮೆಟೊ ಇಟ್ಟು ಮನೆಯಲ್ಲೇ ಸ್ಯಾಂಡ್‌ವಿಚ್ ಮಾಡಿ, ಚೀಸ್ ಮತ್ತು ಸಾಸ್ ಬಿಟ್ಟರೆ ಪ್ರೋಟೀನೂ ಸಿಗುತ್ತದೆ, ಸೋಡಿಯಂ ಕೂಡ ಸಾಕಷ್ಟು ಇಳಿಯುತ್ತದೆ.

ನಮ್ಮ ತೀರ್ಮಾನ

"471 ಎಂದರೆ ಹಂದಿ ಕೊಬ್ಬು" ಎಂಬುದು ತಪ್ಪು ಮಾಹಿತಿ. "ಪ್ರೋಟೀನ್ ಇದೆ, ಆದ್ದರಿಂದ ಆರೋಗ್ಯಕರ" ಎಂಬುದು ಅರ್ಧ ಸತ್ಯ. ಮುಂದಿನ ಸಲ ಪ್ಯಾಕೆಟ್ ಕೈಗೆತ್ತಿಕೊಂಡಾಗ ಹಿಂದೆ ತಿರುಗಿಸಿ ಮೂರು ವಿಷಯ ನೋಡಿ: ಪ್ಯಾಕೆಟ್ ತೂಕ, ಸರ್ವಿಂಗ್ ಗಾತ್ರ, ಸೋಡಿಯಂ. ಹೆದರಿಸುವ ಫಾರ್ವರ್ಡ್ ಮನೆಯ ಗ್ರೂಪಿಗೆ ಬಂದರೆ ಅದನ್ನು ಮುಂದಕ್ಕೆ ಕಳಿಸುವ ಬದಲು, 'ಎರಡೂವರೆಯಿಂದ ಗುಣಿಸಿ' ಎಂಬ ಈ ಒಂದು ಲೆಕ್ಕ ಕಳಿಸಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಆ ಗ್ರೂಪಿನಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ.