ದುರ್ವಾಸನೆ ಮರದ ಮದ್ದು

ಪಶ್ಚಿಮ ಘಟ್ಟದ ಕಾಡುಗಳಲ್ಲಿ ದುರ್ವಾಸನೆ ಮರ ಎಂಬ ಸಣ್ಣ ಮರವೊಂದಿದೆ. ಹೆಸರಿಗೆ ಕಾರಣ ಅದರ ಹೂವಿನ ಕೆಟ್ಟ ವಾಸನೆ. ಇದರಲ್ಲಿರುವ ಕ್ಯಾಂಪ್ಟೊಥೆಸಿನ್ ಎಂಬ ಆಲ್ಕಲಾಯ್ಡ್, ಕರುಳು ಹಾಗೂ ಅಂಡಾಶಯದ ಕ್ಯಾನ್ಸರ್ ಔಷಧಿಗಳಿಗೆ ಮೂಲವಸ್ತು ಎಂದರೆ ನಿಮಗೆ ಅಚ್ಚರಿಯಾದೀತು. ಆದರೆ ಈ ಕಥೆ ಆರಂಭವಾದದ್ದು ಕ್ಯಾನ್ಸರಿನಿಂದಲೂ ಅಲ್ಲ, ನಮ್ಮ ಘಟ್ಟದಲ್ಲೂ ಅಲ್ಲ.

1950ರ ದಶಕದಲ್ಲಿ ಉರಿಯೂತ ಶಮನಕ್ಕೆ ಕಾರ್ಟಿಸೋನ್ ಹೊಸ ಮದ್ದು. ಅದರ ತಯಾರಿಕೆಗೆ ಬೇಕಾದ ಸ್ಟೀರಾಯ್ಡ್‌ಗಳನ್ನು ಸಸ್ಯಗಳಲ್ಲಿ ಹುಡುಕುತ್ತಿದ್ದವರು ಅಮೆರಿಕದ ಕೃಷಿ ಇಲಾಖೆಯ ಮನ್ರೋ ವಾಲ್. ಅವರ ಸಂಗ್ರಹದ ಕೆಲವು ಸಾರಗಳನ್ನು ಕ್ಯಾನ್ಸರ್ ಪರೀಕ್ಷೆಗೂ ಕಳುಹಿಸಲಾಯಿತು. ಚೀನಾ ಮೂಲದ ಕ್ಯಾಂಪ್ಟೊಥೆಕ ಮರದ ಸಾರ ಇಲಿಗಳ ರಕ್ತ ಕ್ಯಾನ್ಸರನ್ನು ತಡೆಯಿತು. 1960ರಲ್ಲಿ ವಾಲ್ ಉತ್ತರ ಕೆರೊಲಿನದ ಸಂಸ್ಥೆಯೊಂದನ್ನು ಸೇರಿದರು. ಅಲ್ಲಿ ಅವರ ಜೊತೆಗೂಡಿದವರು ಮಹಾರಾಷ್ಟ್ರದ ನಂದುರಬಾರಿನಲ್ಲಿ ಹುಟ್ಟಿದ ಮನಸುಖ್ ವಾನಿ. 1966ರಲ್ಲಿ ಕ್ಯಾಂಪ್ಟೊಥೆಸಿನ್‌ನ ರಚನೆ ಪ್ರಕಟವಾಯಿತು. (ಟ್ಯಾಕ್ಸಾಲನ್ನು ಲೋಕಕ್ಕೆ ಕೊಟ್ಟವರೂ ಇದೇ ಜೋಡಿ.)

ಅದು ನೀರಿನಲ್ಲಿ ಕರಗದು. ಆದ್ದರಿಂದ ರೋಗಿಗಳಿಗೆ ಅದರ ಸೋಡಿಯಂ ಲವಣ ಕೊಟ್ಟು ನೋಡಿದರು. ಗುಣ ಅಷ್ಟಕ್ಕಷ್ಟೆ, ಹಾನಿ ವಿಪರೀತ. ಮೂತ್ರಕೋಶದಲ್ಲಿ ಉರಿಯೂತ, ರಕ್ತಸ್ರಾವ. ಕಾರಣವೇನು ಗೊತ್ತೇ? ಲವಣವಾಗುವಾಗ ಅಣುವಿನ ಒಂದು ಉಂಗುರ ತೆರೆದುಕೊಂಡು ಶಕ್ತಿ ಕುಂದುತ್ತದೆ. ಆಮ್ಲೀಯ ಮೂತ್ರದಲ್ಲಿ ಅದೇ ಉಂಗುರ ಮತ್ತೆ ಮುಚ್ಚಿ, ಬೇಡದ ಜಾಗದಲ್ಲಿ ವಿಷ ಚುರುಕಾಗುತ್ತದೆ! 1972ರ ಹೊತ್ತಿಗೆ ಪ್ರಯೋಗ ನಿಂತಿತು. ಅದೇ ವರ್ಷ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್, ನಮ್ಮ ದುರ್ವಾಸನೆ ಮರದಲ್ಲಿ ಈ ವಸ್ತು ಚೀನಾದ ಮರಕ್ಕಿಂತ ಹೇರಳವಾಗಿದೆ ಎಂದು ತೋರಿಸಿದರು. ಆಗ ಅದನ್ನು ಕೇಳುವವರಿರಲಿಲ್ಲ.

1985ರಲ್ಲಿ ಅದರ ಕೆಲಸದ ಗುಟ್ಟು ತಿಳಿಯಿತು. ಡಿಎನ್‌ಎ ಹುರಿಹಗ್ಗದಂತೆ ಹೆಣೆದ ಎರಡು ಎಳೆ. ಟೊಪೊಐಸೊಮರೇಸ್-1 ಎಂಬ ಕಿಣ್ವ ಒಂದೆಳೆಯನ್ನು ಕತ್ತರಿಸಿ, ಹುರಿ ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೊಥೆಸಿನ್ ಆ ಬೆಸುಗೆಯನ್ನು ತಡೆಯುತ್ತದೆ. ಬಿಡುವಿಲ್ಲದೆ ವಿಭಜಿಸುವ ಕ್ಯಾನ್ಸರ್ ಕೋಶಕ್ಕೆ ಇದು ಮಾರಕ. ಮುಂದೆ ಉಂಗುರ ಒಡೆಯದೆ ನೀರಿನಲ್ಲಿ ಕರಗುವ ರೂಪಗಳು ಸಿದ್ಧವಾದವು. ಟೊಪೊಟೆಕಾನ್, ಇರಿನೊಟೆಕಾನ್ 1996ರಲ್ಲಿ ಅಮೆರಿಕದಲ್ಲಿ ಮಂಜೂರಾದವು.

ಬೇಡಿಕೆ ಬಂದೊಡನೆ ಘಟ್ಟದಲ್ಲಿ ಕೊಡಲಿಯ ಸದ್ದು. ಬೇರು, ಕಾಂಡ ಎರಡರಲ್ಲೂ ಮದ್ದಿರುವುದರಿಂದ ಇಡೀ ಮರಕ್ಕೇ ಸಂಚಕಾರ. 2005ರಲ್ಲಿ ಈ ಮರದೊಳಗೆ ಬದುಕುವ ಶಿಲೀಂಧ್ರವೊಂದು ತಾನೂ ಕ್ಯಾಂಪ್ಟೊಥೆಸಿನ್ ತಯಾರಿಸುತ್ತದೆ ಎಂಬ ವರದಿ ಬಂದಾಗ, ಮರ ಕಡಿಯದೆ ಮದ್ದು ಪಡೆಯುವ ಆಸೆ ಚಿಗುರಿತು. ಆದರೆ ಇಂಥ ಶಿಲೀಂಧ್ರಗಳನ್ನು ಪ್ರಯೋಗಾಲಯದಲ್ಲಿ ತಲೆಮಾರುಗಟ್ಟಲೆ ಬೆಳೆಸಿದಂತೆ ಅವು ಆ ಸಾಮರ್ಥ್ಯವನ್ನು ಕಳೆದುಕೊಳ್ಳುತ್ತಾ ಹೋದವು.