ದಣಿಯ ಒಲೆ, ಹಿತ್ತಲ ಒಲೆ

1707ರ ನವೆಂಬರಿನಲ್ಲಿ ಕೆನಡಾದ ಫ್ರೆಂಚ್ ವಸಾಹತಿನ ಆಡಳಿತಾಧಿಕಾರಿ ಝಾಕ್ ರೋದೋ ಫ್ರಾನ್ಸಿಗೆ ಒಂದು ಪತ್ರ ಬರೆದ. ಅದರಲ್ಲಿದ್ದ ಹಲವು ದೂರುಗಳಲ್ಲಿ ಒಂದು ಬ್ರೆಡ್ ಸುಡುವ ಒಲೆಗೆ ಸಂಬಂಧಿಸಿದ್ದು. ಅಲ್ಲಿನ ದಣಿಗಳು ಜಮೀನು ಕೊಡುವಾಗ ಕರಾರಿನಲ್ಲಿ ಒಂದು ಷರತ್ತು ಸೇರಿಸುತ್ತಿದ್ದರು: ಒಕ್ಕಲುಗಳು ದಣಿಯ ಒಲೆಯಲ್ಲೇ ಬ್ರೆಡ್ ಸುಡಬೇಕು, ಅದಕ್ಕೆ ಶುಲ್ಕವನ್ನೂ ತೆರಬೇಕು. ಆದರೆ ಮನೆಗಳು ನದಿಯುದ್ದಕ್ಕೂ ದೂರ ದೂರ ಚದುರಿದ್ದವು. ಚಳಿಗಾಲದಲ್ಲಿ ಕಣಕ ಹೊತ್ತು ದಣಿಯ ಒಲೆ ಮುಟ್ಟುವಷ್ಟರಲ್ಲಿ ಅದು ಹೆಪ್ಪುಗಟ್ಟಿ ಕಲ್ಲಾಗುತ್ತಿತ್ತು. ಈ ಹಕ್ಕನ್ನೇ ಕಿತ್ತುಹಾಕುವುದು ಒಳ್ಳೆಯದು ಎಂಬುದು ರೋದೋನ ಸಲಹೆ.

ಈಗ ಹಿತ್ತಲಲ್ಲಿ ಇಟ್ಟಿಗೆಯ ಗುಮ್ಮಟ ಕಟ್ಟಿ ಭಾನುವಾರ ಪಿಜ್ಜಾ ಸುಡುವವರಿಗೆ ಅದೊಂದು ಹವ್ಯಾಸ. ಸ್ವಂತ ಒಲೆ ಹೊಂದುವುದು ಹಲವು ಶತಮಾನಗಳ ಕಾಲ ಹವ್ಯಾಸವಾಗಿರಲಿಲ್ಲ.

ಮಧ್ಯಯುಗದ ಫ್ರಾನ್ಸಿನಲ್ಲಿ ಹಿಟ್ಟಿನ ಗಿರಣಿ, ದ್ರಾಕ್ಷಿ ಹಿಂಡುವ ಯಂತ್ರ, ಒಲೆ ಈ ಮೂರೂ ದಣಿಯವು. ಊರಿಗೊಂದೇ ದೊಡ್ಡ ಒಲೆಯಿದ್ದರೆ ಕಟ್ಟಿಗೆ ಉಳಿಯುತ್ತದೆ, ಮನೆಗಳಿಗೆ ಬೆಂಕಿ ಬೀಳುವ ಭಯವೂ ಕಡಿಮೆ. ಆ ಮಟ್ಟಿಗೆ ಏರ್ಪಾಡಿನಲ್ಲಿ ಅರ್ಥವಿತ್ತು. ಆದರೆ ಬೇರೆಡೆ ಸುಡಬಾರದು ಎಂದು ದಣಿಯ ಆಜ್ಞೆಯೂ ಇತ್ತು. ಆ ಆಜ್ಞೆಯ ಹೆಸರು 'ಬಾನ್', ಅದಕ್ಕೆ ಒಳಪಟ್ಟ ಒಲೆ 'ಫೋರ್ ಬನಾಲ್'. ಎಲ್ಲರೂ ಬಳಸಲೇಬೇಕಾದದ್ದು ಎಂಬುದರಿಂದ ಎಲ್ಲರಿಗೂ ಸಾಮಾನ್ಯವಾದದ್ದು, ಅಲ್ಲಿಂದ ಹೊಸತನವಿಲ್ಲದ್ದು, ಸಪ್ಪೆಯಾದದ್ದು ಎಂದು ಪದದ ಅರ್ಥ ಜಾರುತ್ತಾ ಬಂತು. ಇಂದು ಯಾವುದಾದರೂ ಸಿನಿಮಾವನ್ನು 'ಬನಾಲ್' ಎಂದು ಬೈಯುವ ಇಂಗ್ಲಿಷ್ ವಿಮರ್ಶಕರ ಬಾಯಲ್ಲಿ ಈ ಒಲೆಯ ಬೂದಿ ಇನ್ನೂ ಇದೆ. ಫ್ರಾನ್ಸಿನಲ್ಲಿ ಈ ಹಕ್ಕುಗಳು ಪರಿಹಾರವಿಲ್ಲದೆ ರದ್ದಾದದ್ದು ಕ್ರಾಂತಿಯ ನಂತರ, 1793ರಲ್ಲಿ.

ಕ್ಯೂಬೆಕ್ಕಿನ ರೈತರು ಕ್ರಾಂತಿಗಾಗಿ ಕಾಯಲಿಲ್ಲ. ಚಳಿಯೇ ಅವರ ಪರವಾಗಿ ವಾದಿಸಿತ್ತು. ಮನೆಯ ಹೊರಗೆ ತಾವೇ ಒಲೆ ಕಟ್ಟಿಕೊಂಡರು. ಬಾಗುವ ಕೊಂಬೆಗಳನ್ನು ಬುಟ್ಟಿ ಬೋರಲಿಟ್ಟಂತೆ ಹೆಣೆದು, ಹುಲ್ಲು ಬೆರೆಸಿ ತುಳಿದ ಜೇಡಿಮಣ್ಣನ್ನು ಅದರ ಮೇಲೆ ಮೆತ್ತುತ್ತಿದ್ದರು. ಒಣಗಿದ ಮೇಲೆ ಒಳಗೆ ಬೆಂಕಿ ಹಾಕಿದರೆ ಕೊಂಬೆಗಳು ಸುಟ್ಟುಹೋಗಿ ಗುಮ್ಮಟ ಉಳಿಯುತ್ತಿತ್ತು. ಮಳೆ, ಹಿಮ ತಡೆಯಲು ಮೇಲೊಂದು ಹಲಗೆಯ ಮಾಡು. ಲೀಸ್ ಬ್ವಾಲಿ ಮತ್ತು ಝಾನ್-ಫ್ರಾನ್ಸ್ವಾ ಬ್ಲಾಂಶೆತ್ ಇಂಥ ಒಲೆಗಳನ್ನು ಅಧ್ಯಯನ ಮಾಡಿ 1970ರ ದಶಕದಲ್ಲಿ ಪುಸ್ತಕ ಪ್ರಕಟಿಸಿದರು. ಬಾಯಿಯ ಎತ್ತರ ಗುಮ್ಮಟದ ಒಳಗಿನ ಎತ್ತರದ ಶೇಕಡ 63ರ ಆಸುಪಾಸಿನಲ್ಲಿರಬೇಕು ಎಂಬ ಲೆಕ್ಕ ಇಂದಿನ ಹವ್ಯಾಸಿಗಳಿಗೆ ಬಂದದ್ದು ಅಲ್ಲಿಂದಲೇ. ಗುಮ್ಮಟ 16 ಇಂಚಿದ್ದರೆ ಬಾಯಿ 10 ಇಂಚು. ಬಾಯಿ ತೀರಾ ಎತ್ತರವಾದರೆ ಕಾವು ಹೊರಗೆ ಹರಿದುಹೋಗುತ್ತದೆ, ತೀರಾ ಗಿಡ್ಡವಾದರೆ ಬೆಂಕಿಗೆ ಉಸಿರು ಸಾಲದು. ಏಕೆಂದರೆ ತಣ್ಣನೆಯ ಗಾಳಿ ಒಳಗೆ ಹೋಗುವುದೂ ಹೊಗೆ ಹೊರಗೆ ಬರುವುದೂ ಅದೊಂದೇ ಬಾಯಿಯಿಂದ: ಕೆಳಗಿಂದ ಗಾಳಿ, ಮೇಲಿಂದ ಹೊಗೆ.

ಕನ್ನಡದಲ್ಲಿ ಇದಕ್ಕೆ ಸರಿಯಾದ ಹೆಸರಿಲ್ಲ. ಹಂಚಿನ ಮೇಲೆ ರೊಟ್ಟಿ ಬೇಯಿಸುವ ಅಡುಗೆಮನೆಗೆ ಅದು ಬೇಕಾಗಲೂ ಇಲ್ಲ. ನಮ್ಮ ಒಲೆಯಲ್ಲಿ ಬೆಂಕಿ ಕೆಳಗೆ, ಅಡುಗೆ ಮೇಲೆ. ಇಲ್ಲಿ ಬೆಂಕಿ ಮತ್ತು ಅಡುಗೆಗೆ ಒಂದೇ ಜಾಗ. ಹಲವು ಗಂಟೆ ಬೆಂಕಿ ಉರಿಸಿ ಇಟ್ಟಿಗೆಗೆ ಕಾವು ಕುಡಿಸಬೇಕು. ಬ್ರೆಡ್ಡಿಗಾದರೆ ಕೆಂಡ ಬೂದಿಯೆಲ್ಲ ಗುಡಿಸಿ, ಬಾಯಿ ಮುಚ್ಚಿ, ಇಟ್ಟಿಗೆ ಮರಳಿಸುವ ಕಾವಿನಲ್ಲೇ ಬೇಯಿಸಬೇಕು. ಪಿಜ್ಜಾ ಅಷ್ಟು ತಾಳ್ಮೆಯದಲ್ಲ. ಕೆಂಡ ಒಂದು ಬದಿಗೆ ಸರಿಸಿದರೂ ಜ್ವಾಲೆ ಉರಿಯುತ್ತಲೇ ಇರಬೇಕು. ಮೊದಲು ಮಸಿಯಿಂದ ಕಪ್ಪಾದ ಗುಮ್ಮಟ, ಮಸಿಯೇ ಉರಿದು ಬೆಳ್ಳಗಾದಾಗ ಒಲೆ ಸಿದ್ಧ. ನೇಪಲ್ಸಿನ ಸಂಪ್ರದಾಯದಂತೆ ನೆಲ ಸುಮಾರು 400 ಡಿಗ್ರಿ ಸೆಲ್ಸಿಯಸ್, ಪಿಜ್ಜಾ ಒಳಗಿರುವುದು 60ರಿಂದ 90 ಸೆಕೆಂಡು.

ಇಟ್ಟಿಗೆಯ ಒಲೆಯನ್ನು ಅಮೆರಿಕದ ಹಿತ್ತಲುಗಳಿಗೆ ತಂದವರಲ್ಲಿ ಮುಖ್ಯನಾದವನು ಆಲನ್ ಸ್ಕಾಟ್, ಕ್ಯಾಲಿಫೋರ್ನಿಯಾಕ್ಕೆ ಬಂದು ನೆಲೆಸಿದ್ದ ಆಸ್ಟ್ರೇಲಿಯಾದ ಕಮ್ಮಾರ. ನಕ್ಷೆ ಮಾರಿದ, ಶಿಬಿರಗಳಲ್ಲಿ ಜನರ ಕೈಯಿಂದಲೇ ಇಟ್ಟಿಗೆ ಇಡಿಸಿದ. ಡೇನಿಯಲ್ ವಿಂಗ್ ಜೊತೆ ಬರೆದ 'ದ ಬ್ರೆಡ್ ಬಿಲ್ಡರ್ಸ್' 1999ರಲ್ಲಿ ಬಂತು. ಸ್ಕಾಟ್ 2009ರಲ್ಲಿ ತೀರಿಕೊಂಡ. ಅವನದು ಬ್ರೆಡ್ಡಿನ ಒಲೆ: ಕಮಾನು ಚಾವಣಿ, ಅದರ ಮೇಲೆ ದಪ್ಪ ಕಾಂಕ್ರೀಟಿನ ಹೊದಿಕೆ. ಕಾಯಲು ಬಹಳ ಹೊತ್ತು ಬೇಕು, ಕಾದರೆ ಸುಲಭಕ್ಕೆ ಆರದು. ನಾಲ್ಕು ಪಿಜ್ಜಾ ಸುಡಲು ಅದನ್ನು ಹೊತ್ತಿಸುವುದೆಂದರೆ ಒಬ್ಬನ ಊಟಕ್ಕೆ ಮದುವೆಯ ಹಂಡೆ ಏರಿಸಿದ ಹಾಗೆ. ಹಾಗಾಗಿ ಪಿಜ್ಜಾಕ್ಕೆಂದೇ ಕಟ್ಟುವವರು ತೆಳುವಾದ ಗುಮ್ಮಟ ಕಟ್ಟಿ, ಹೊರಗೆ ಶಾಖ ತಡೆಯುವ ವರ್ಮಿಕ್ಯುಲೈಟ್ ಹೊದಿಸುತ್ತಾರೆ. ಕಟ್ಟಿ ಮುಗಿಸಿದ ಸಂಭ್ರಮದಲ್ಲಿ ಮೊದಲ ದಿನವೇ ದೊಡ್ಡ ಬೆಂಕಿ ಹಾಕಿದರೆ ಗಾರೆಯೊಳಗಿನ ನೀರು ಹಬೆಯಾಗಿ ಗುಮ್ಮಟ ಬಿರುಕು ಬಿಡುತ್ತದೆ. ಹಲವು ದಿನ ಸಣ್ಣ ಸಣ್ಣ ಬೆಂಕಿಯಲ್ಲೇ ಅದನ್ನು ಒಣಗಿಸಬೇಕು.

ಮುಂಬೈ, ಪುಣೆಯ ಕನ್ನಡಿಗರಿಗೆ ಈ ಒಲೆಯ ಬಂಧು ಬೀದಿಯ ತಿರುವಿನಲ್ಲೇ ಸಿಗುತ್ತದೆ, ಪಾವ್ ಸುಡುವ ಭಟ್ಟಿ. ಪಾವ್ ಪದ ಪೋರ್ಚುಗೀಸರಿಂದ ಬಂತು, ಭಟ್ಟಿಯ ಮೂಲ ಸಂಸ್ಕೃತದ ಭ್ರಾಷ್ಟ್ರ. ಇಲ್ಲೀಗ ಆಜ್ಞೆ ಬೇರೆ ಕಡೆಯಿಂದ ಬಂದಿದೆ. ಕಟ್ಟಿಗೆ, ಕಲ್ಲಿದ್ದಲು ಸುಡುವ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸ್ ಅಥವಾ ಬೇರೆ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ಹೇಳಿತು. ದಣಿಯ ಬಾನ್‌ಗೂ ಇದಕ್ಕೂ ಹೋಲಿಕೆ ಹುಡುಕುವುದು ಅನ್ಯಾಯ. ಅಲ್ಲಿದ್ದದ್ದು ಶುಲ್ಕದ ಆಸೆ, ಇಲ್ಲಿರುವುದು ನಗರದ ಉಸಿರಾಟ. ಹಲವು ಭಟ್ಟಿಗಳಲ್ಲಿ ಉರಿಯುವುದು ಬಣ್ಣ ಬಳಿದ ಹಳೆಯ ಪೀಠೋಪಕರಣದ ತುಂಡುಗಳು. ಅದರ ಹೊಗೆ ಮೊದಲು ಹೋಗುವುದು ಭಟ್ಟಿಯ ಮುಂದೆ ನಿಂತವನ ಎದೆಗೆ, ಆಮೇಲೆ ಅಕ್ಕಪಕ್ಕದ ಮನೆಗಳಿಗೆ. ಆದರೂ ಬೇಕರಿಯವನ ಲೆಕ್ಕ ಸುಲಭದ್ದಲ್ಲ. ಹಳೆಯ ಗುಮ್ಮಟಕ್ಕೇ ಗ್ಯಾಸ್ ಬರ್ನರ್ ಜೋಡಿಸಬಹುದೇ, ಅಥವಾ ಅದನ್ನು ಒಡೆದು ಸ್ಟೀಲಿನ ಒವನ್ ತರಬೇಕೇ, ತಂದರೆ ಒಂದು ಪಾವಿನ ಬೆಲೆ ಎಷ್ಟು ಏರಿಸಬೇಕು?